ಘಾಟಿ ರಸ್ತೆಯವರಿಗೆ ಯಾವ ಗೇರ್‌ಬಾಕ್ಸ್?

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಸ್ಪೋರ್ಟಿ ಕಾರುಗಳ ಬಗ್ಗೆ ಬಂದ ಬರಹವನ್ನೂ ಅದಕ್ಕೆ ಓದುಗರು ಬರೆದ ಪ್ರತಿಕ್ರಿಯೆಗಳನ್ನೂ ಓದಿದೆ. ಗೇರು ಬದಲಿಸುವಾಗ ಎಂಜಿನ್ನನ್ನು ಗೇರಿನಿಂದ ಬಿಡಿಸುವ ಕ್ಲಚ್ ಪೆಡಲ್ ಇಲ್ಲದಿದ್ದರೆ ಅದು ಕಾರು ಓಡಿಸಿದಂತೆಯೇ ಅಲ್ಲ ಎಂದು ಕೆಲವರು ವಾದಿಸಿದ್ದಾರೆ. ಮ್ಯಾನ್ಯುಯಲ್ ಕಾಲ ಮುಗಿಯಿತು, ಇನ್ನೇನಿದ್ದರೂ ಆಟೊಮ್ಯಾಟಿಕ್ಕೇ ಎಂದು ಉಳಿದವರು. ಕಾರು ಯಾವ ರಸ್ತೆಯಲ್ಲಿ ಓಡುತ್ತದೆ ಎಂಬ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಶೃಂಗೇರಿ ಕಡೆಯವರು ಕಾರು ಕೊಂಡರೆ ಅದು ಆಗುಂಬೆ, ಹುಲಿಕಲ್, ಕೊಲ್ಲೂರು, ಚಾರ್ಮಾಡಿ ಘಾಟಿಗಳಲ್ಲಿ ಒಂದನ್ನಾದರೂ ಇಳಿದು ಹತ್ತಲೇಬೇಕು. ಮದುವೆಗೋ ಆಸ್ಪತ್ರೆಗೋ ದೇವಸ್ಥಾನಕ್ಕೋ ಕರಾವಳಿಗೆ ಹೋಗುವ ದಾರಿಯೇ ಅದು. ಹಾಗಾಗಿ ನಮ್ಮ ಕಡೆಯವರ ಆಯ್ಕೆಯ ಲೆಕ್ಕ ಬೆಂಗಳೂರಿನವರ ಲೆಕ್ಕದಂತೆ ಇರಲು ಸಾಧ್ಯವಿಲ್ಲ. ಈ ಪತ್ರ ಉದ್ದವಾಗಿದೆ, ಕ್ಷಮೆಯಿರಲಿ. ವಿಷಯ ಬ್ರೇಕು, ಕ್ಲಚ್ಚು, ಪ್ರಾಣಕ್ಕೆ ಸಂಬಂಧಪಟ್ಟಿದ್ದು.

ವೇಗದ ವಾದವನ್ನು ಬೇಗ ಮುಗಿಸಬಹುದು. ಗೇರು ಬದಲಿಸುವ ವೇಗದಲ್ಲಿ ಮನುಷ್ಯನ ಕೈಕಾಲು ಯಂತ್ರವನ್ನು ಮೀರಿಸಲಾರವು. ಸ್ಟೇರಿಂಗ್ ಹಿಂದೆ ಬೆರಳಿನಿಂದ ಎಳೆಯುವ ಪ್ಯಾಡಲ್ ಎಂಬ ಚಿಕ್ಕ ಸನ್ನೆಯಿಂದ ಗೇರು ಹಾಕುವ ಕಾರನ್ನು ಫೆರಾರಿ 1989ರಲ್ಲಿ ಫಾರ್ಮುಲಾ ಒನ್‌ಗೆ ಇಳಿಸಿತು. ಬ್ರೆಜಿಲ್‌ನಲ್ಲಿ ನಡೆದ ಆ ವರ್ಷದ ಮೊದಲ ರೇಸನ್ನು ನೈಜೆಲ್ ಮ್ಯಾನ್ಸೆಲ್ ಅದೇ ಕಾರಿನಲ್ಲಿ ಗೆದ್ದರು. 992 ಪೀಳಿಗೆಯ ಪೋರ್ಷೆ 911 ಜಿಟಿ3 ಕಾರು ಆಟೊಮ್ಯಾಟಿಕ್‌ನಲ್ಲಿ ನೂರು ಕಿ.ಮೀ. ವೇಗವನ್ನು 3.4 ಸೆಕೆಂಡಿಗೆ ಮುಟ್ಟಿದರೆ ಮ್ಯಾನ್ಯುಯಲ್‌ನಲ್ಲಿ 3.9 ಸೆಕೆಂಡು ತೆಗೆದುಕೊಳ್ಳುತ್ತದೆ. ಹಾಗಿದ್ದೂ 2013ರ ಜಿಟಿ3ಯಿಂದ ಕೈಬಿಟ್ಟಿದ್ದ ಮ್ಯಾನ್ಯುಯಲ್ಲನ್ನು ಅದೇ ಕಂಪನಿ 2017ರಲ್ಲಿ ಮತ್ತೆ ಕೊಟ್ಟಿತು, ಏಕೆಂದರೆ ಕೈಯಾರೆ ಗೇರು ಹಾಕುವ ಖುಷಿಗೆ ಹಣ ಕೊಡುವವರು ಇನ್ನೂ ಇದ್ದಾರೆ. ಅದೆಲ್ಲ ರೇಸ್ ಟ್ರ್ಯಾಕಿನ ಮಾತಾಯಿತು. ಎದುರಿನಿಂದ ಬಸ್ಸು ಬರುವ, ಮಂಜು ಕವಿದ ಸಾರ್ವಜನಿಕ ರಸ್ತೆಯಲ್ಲಿ ಅರ್ಧ ಸೆಕೆಂಡಿಗೆ ಬೆಲೆಯಿಲ್ಲ, ಇರಲೂ ಬಾರದು.

ಘಾಟಿಯಲ್ಲಿ ಬೇಕಾದ್ದು ಒಂದೇ. ತಿರುವಿಗೆ ಮೊದಲೇ ಗೇರು ಬೀಳಬೇಕು, ತಿರುವು ಮುಗಿಯುವ ತನಕ ಅದು ಕದಲಬಾರದು. ಈ ಅಧಿಕಾರವನ್ನು ಚಾಲಕನಿಗೆ ಪೂರ್ತಿ ಕೊಡುವ ಗೇರ್‌ಬಾಕ್ಸ್ ಒಳ್ಳೆಯದು, ಅರೆಬರೆ ಕೊಡುವುದು ಕಷ್ಟದ್ದು, ಕೊಡದೇ ಇರುವುದು ಮಲೆನಾಡಿಗೆ ಬೇಡ. ಕ್ಲಚ್ ಪೆಡಲ್ ಇದೆಯೋ ಇಲ್ಲವೋ ಎಂಬುದು ಆಮೇಲಿನ ಪ್ರಶ್ನೆ.

ಯಾಕೆ ಹೀಗೆ ಎನ್ನುವುದಕ್ಕೆ ಈಗಿನ ಸಣ್ಣ ಟರ್ಬೊ ಎಂಜಿನ್‌ಗಳನ್ನು, ಅಂದರೆ ಹೊಗೆಯ ರಭಸದಿಂದ ತಿರುಗುವ ಫ್ಯಾನ್ ಹೆಚ್ಚು ಗಾಳಿ ತುಂಬಿಕೊಡುವ ಎಂಜಿನ್‌ಗಳನ್ನು, ನೋಡಬೇಕು. ನಮ್ಮಲ್ಲಿ ಸ್ಪೋರ್ಟಿ ಎಂದು ಮಾರುವ ಹೆಚ್ಚಿನ ಕಾರುಗಳಲ್ಲಿ ಇರುವುದು ಒಂದು ಲೀಟರಿನಿಂದ ಒಂದೂವರೆ ಲೀಟರಿನ ಪೆಟ್ರೋಲ್ ಟರ್ಬೊ. ಇವು ಸುಮಾರು 1,800 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತುಗಳು) ಮೇಲೆ ಚೆನ್ನಾಗಿ ಎಳೆಯುತ್ತವೆ, ಅದರ ಕೆಳಗೆ ಸೊರಗುತ್ತವೆ. ಇಂಥ ಕಾರುಗಳ ಗೇರಿಂಗ್ ಅಂದಾಜು ಹೀಗಿರುತ್ತದೆ: ಪ್ರತಿ ಸಾವಿರ ಆರ್‌ಪಿಎಂಗೆ ಮೊದಲನೇ ಗೇರಿನಲ್ಲಿ ಗಂಟೆಗೆ ಏಳೆಂಟು ಕಿ.ಮೀ. ವೇಗ, ಎರಡನೆಯದರಲ್ಲಿ ಹದಿನಾಲ್ಕು ಹದಿನೈದು, ಮೂರನೆಯದರಲ್ಲಿ ಇಪ್ಪತ್ತೆರಡರ ಆಸುಪಾಸು. ಆಗುಂಬೆಯ ಹೇರ್‌ಪಿನ್ ತಿರುವಿನಲ್ಲಿ ವೇಗ ಹದಿನೈದಕ್ಕೆ ಇಳಿದರೆ ಎರಡನೇ ಗೇರಿನಲ್ಲಿ ಎಂಜಿನ್ ಸಾವಿರದ ಹತ್ತಿರ ನಿಲ್ಲುತ್ತದೆ. ಟರ್ಬೊ ಎಚ್ಚರವೇ ಆಗಿರುವುದಿಲ್ಲ. ಆಕ್ಸಿಲರೇಟರ್ ಎಷ್ಟು ತುಳಿದರೂ ಗಾಡಿ ನಡುಗುತ್ತದೆ, ಆಮೇಲೆ ಒಮ್ಮೆಲೇ ಎಳೆದುಕೊಂಡು ಹೋಗುತ್ತದೆ. ಅದೇ ಹದಿನೈದು ಕಿ.ಮೀ. ಮೊದಲನೇ ಗೇರಿನಲ್ಲಿ ಎರಡು ಸಾವಿರ ಆರ್‌ಪಿಎಂ ಆಗುತ್ತದೆ, ಗಾಡಿ ಸಲೀಸಾಗಿ ಹತ್ತುತ್ತದೆ. ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು, ಎಸಿ ಚಾಲೂ ಇದ್ದರೆ ಈ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ.

ಏರುವಾಗ ಎಡಕ್ಕೆ ತಿರುಗುವ ಹೇರ್‌ಪಿನ್ನೇ ಹೆಚ್ಚು ಕಷ್ಟ. ನಾವು ಎಡಬದಿಯಲ್ಲಿ ಓಡಿಸುವವರಾದ್ದರಿಂದ ತಿರುವಿನ ಒಳಮಗ್ಗುಲು ನಮ್ಮ ಪಾಲಿಗೆ ಬರುತ್ತದೆ. ಅಲ್ಲಿ ಏರು ಅತಿ ಕಡಿದು. ಒಳಗಿನ ಮುಂದಿನ ಚಕ್ರದ ಮೇಲೆ ಭಾರ ಕಡಿಮೆಯಾಗಿ ಅದು ಸುತ್ತತೊಡಗುತ್ತದೆ. ಚಕ್ರ ಜಾರದಂತೆ ನೋಡಿಕೊಳ್ಳುವ ಟ್ರ್ಯಾಕ್ಷನ್ ಕಂಟ್ರೋಲ್ ಎಚ್ಚರಗೊಂಡು ಎಂಜಿನ್ ಶಕ್ತಿಯನ್ನು ಕತ್ತರಿಸುತ್ತದೆ. ಗಾಡಿ ಅಲ್ಲೇ ಮುಗ್ಗರಿಸುತ್ತದೆ. ಮಳೆಗಾಲದಲ್ಲಿ ಒಳ ಅಂಚಿಗೆ ಕೆಮ್ಮಣ್ಣು, ಎಲೆ, ಜಲ್ಲಿ ಬಂದು ಕೂತಿರುತ್ತದೆ. ಆದ್ದರಿಂದ ನಮ್ಮ ಪಾಲಿನ ರಸ್ತೆಯೊಳಗೇ ಒಳ ಅಂಚಿನಿಂದ ಒಂದಡಿ ಎರಡಡಿ ಸರಿದು, ಆಕ್ಸಿಲರೇಟರನ್ನು ಒಂದೇ ಸಮ ಹಿಡಿದು ಹತ್ತಬೇಕು. ನಡುವೆ ಗೇರು ಬದಲಾದರೆ ಆ ಸಮ ತಪ್ಪುತ್ತದೆ.

ಮ್ಯಾನ್ಯುಯಲ್‌ನಲ್ಲಿ ಇದರ ಕ್ರಮ ಸರಳ, ಆದರೆ ಅಭ್ಯಾಸ ಬೇಕು. ತಿರುವಿಗೆ ಮುಂಚೆ ನೇರ ರಸ್ತೆಯಲ್ಲೇ ಬ್ರೇಕ್ ಹಾಕಿ ಮುಗಿಸಬೇಕು. ಕ್ಲಚ್ ತುಳಿದು, ಆಕ್ಸಿಲರೇಟರನ್ನು ಒಮ್ಮೆ ತಟ್ಟಿ ಎಂಜಿನ್ ವೇಗ ಏರಿಸಿ, ಕೆಳಗಿನ ಗೇರು ಹಾಕಿ, ಕ್ಲಚ್ ಪೂರ್ತಿ ಬಿಟ್ಟ ಮೇಲೆಯೇ ಸ್ಟೇರಿಂಗ್ ತಿರುಗಿಸಬೇಕು. ಗಂಟೆಗೆ 35 ಕಿ.ಮೀ. ವೇಗದಲ್ಲಿ ಮೂರನೇ ಗೇರಿನಿಂದ ಎರಡಕ್ಕೆ ಬಂದರೆ ಎಂಜಿನ್ ಸುಮಾರು 1,600ರಿಂದ 2,400ಕ್ಕೆ ಏರಬೇಕಾಗುತ್ತದೆ. ಆ ಎಂಟುನೂರನ್ನು ಕಾಲಿನಿಂದ ಕೊಡದಿದ್ದರೆ ಅದನ್ನು ಕ್ಲಚ್ ಪ್ಲೇಟ್ ಉಜ್ಜಿಕೊಂಡು ಕೊಡುತ್ತದೆ. ಒದ್ದೆ ರಸ್ತೆಯಲ್ಲಾದರೆ ಮುಂದಿನ ಚಕ್ರ ಒಂದು ಕ್ಷಣ ಜಾರುತ್ತದೆ. ಮೊದಲನೇ ಗೇರಿಗೆ ಇಳಿಸುವುದಾದರೆ ವೇಗ ಹದಿನೈದರ ಕೆಳಗೆ ಬಂದಿರಲಿ. ಬಲವಂತವಾಗಿ ತುರುಕಿದರೆ ಗೇರುಗಳ ವೇಗ ಹೊಂದಿಸುವ ಸಿಂಕ್ರೊನೈಸರ್ ರಿಂಗ್ ಸವೆದು, ಕೆಲವು ವರ್ಷಗಳಲ್ಲಿ ಗೇರು ಕಿರುಗುಟ್ಟತೊಡಗುತ್ತದೆ. ಬಲಗಾಲಿನಲ್ಲೇ ಬ್ರೇಕ್ ಹಿಡಿದು ಅದೇ ಪಾದದ ಅಂಚಿನಿಂದ ಆಕ್ಸಿಲರೇಟರ್ ತಟ್ಟುವ ‘ಹೀಲ್ ಆ್ಯಂಡ್ ಟೋ’ ವಿದ್ಯೆಯನ್ನು ಕಲಿಯಲು ಹಂಬಲಿಸುವ ಹುಡುಗರು ಅದನ್ನು ಮೊದಲು ಖಾಲಿ ಬಯಲಲ್ಲಿ ಕಲಿಯಲಿ, ಘಾಟಿಯಲ್ಲಲ್ಲ.

ಮ್ಯಾನ್ಯುಯಲ್ಲನ್ನು ಕೆಡಿಸುವುದು ಹಾಫ್ ಕ್ಲಚ್. ಏರಿನಲ್ಲಿ ಮುಂದಿನ ಗಾಡಿ ನಿಂತಾಗ ಬ್ರೇಕ್ ಬಿಟ್ಟು, ಕ್ಲಚ್ಚನ್ನು ಅರ್ಧಕ್ಕೆ ಹಿಡಿದು, ಆಕ್ಸಿಲರೇಟರ್ ಮೇಲೆ ಗಾಡಿ ನಿಲ್ಲಿಸುವ ಅಭ್ಯಾಸ ನಮ್ಮಲ್ಲಿ ಬಹಳ ಜನರಿಗಿದೆ. ಒಂದೆರಡು ನಿಮಿಷದಲ್ಲೇ ಸುಟ್ಟ ವಾಸನೆ ಬರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು ನ್ಯೂಟ್ರಲ್‌ಗೆ ಹಾಕಿ ನಿಲ್ಲುವುದೇ ಸರಿ. ಏರಿನಲ್ಲಿ ಹಿಂದಕ್ಕೆ ಜಾರದಂತೆ ತಾನೇ ಬ್ರೇಕ್ ಹಿಡಿಯುವ ಹಿಲ್ ಹೋಲ್ಡ್ ಇರುವ ಕಾರಿನಲ್ಲೂ ಅದು ಎರಡು ಸೆಕೆಂಡಿನಷ್ಟೇ ಹಿಡಿದಿಡುತ್ತದೆ, ಆಮೇಲೆ ಬಿಡುತ್ತದೆ. ಕ್ಲಚ್ ಸವೆದಿದೆಯೇ ಎಂದು ತಿಳಿಯಲು ಗ್ಯಾರೇಜಿಗೇ ಹೋಗಬೇಕೆಂದಿಲ್ಲ. ನೇರ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ ನಲವತ್ತರ ವೇಗದಿಂದ ಪೂರ್ತಿ ಆಕ್ಸಿಲರೇಟರ್ ತುಳಿದಾಗ ಆರ್‌ಪಿಎಂ ಮುಳ್ಳು ಏರಿ ವೇಗ ಏರದಿದ್ದರೆ ಪ್ಲೇಟ್ ಜಾರುತ್ತಿದೆ ಎಂದೇ ಅರ್ಥ. ಆ ಸ್ಥಿತಿಯಲ್ಲಿ ಘಾಟಿಗೆ ಹೋಗಬೇಡಿ. ಇಳಿಯಲು ಆದರೂ ಮರಳಿ ಹತ್ತಲಾಗುವುದಿಲ್ಲ.

ಇನ್ನು ಆಟೊಮ್ಯಾಟಿಕ್. ಈ ಒಂದೇ ಹೆಸರಿನಲ್ಲಿ ನಾಲ್ಕು ಬೇರೆ ಬೇರೆ ಯಂತ್ರಗಳನ್ನು ಮಾರುತ್ತಾರೆ. ಶೋರೂಂನಲ್ಲಿ ‘ಆಟೊಮ್ಯಾಟಿಕ್ ಇದೆ ಸಾರ್’ ಎಂದಷ್ಟೇ ಹೇಳುತ್ತಾರೆ, ಯಾವುದು ಎಂದು ಕೇಳಿ ತಿಳಿಯಬೇಕಾದವರು ನಾವು.

ಎಎಂಟಿ ಎಂದರೆ ಮ್ಯಾನ್ಯುಯಲ್ ಗೇರ್‌ಬಾಕ್ಸಿಗೇ ಕ್ಲಚ್ ಒತ್ತುವ, ಗೇರು ಹಾಕುವ ಸಾಧನ ಕೂಡಿಸಿದ್ದು. 2014ರಲ್ಲಿ ಮಾರುತಿ ಸೆಲೆರಿಯೊದೊಂದಿಗೆ ನಮ್ಮ ದೇಶದಲ್ಲಿ ಜನಪ್ರಿಯವಾಯಿತು. ಬೆಲೆ ಕಡಿಮೆ, ಮೈಲೇಜ್ ಚೆನ್ನ, ಪೇಟೆ ಓಡಾಟಕ್ಕೆ ಸಾಕು. ಕ್ಲಚ್ ಒಂದೇ ಇರುವುದರಿಂದ ಪ್ರತಿ ಸಲ ಗೇರು ಬದಲಾಗುವಾಗ ಎಳೆತ ಪೂರ್ತಿ ನಿಂತು ಮತ್ತೆ ಶುರುವಾಗುತ್ತದೆ. ಏರುತಿರುವಿನಲ್ಲಿ ಹೀಗಾದರೆ ತಲೆ ಮುಂದಕ್ಕೆ ಬಾಗುತ್ತದೆ, ವೇಗ ಸತ್ತುಹೋಗುತ್ತದೆ. ಸ್ಪೋರ್ಟಿ ಓಡಾಟಕ್ಕೆ ಇದು ಅಲ್ಲ. ಬೆಲ್ಟು ಮತ್ತು ಪುಲ್ಲಿಯ ಸಿವಿಟಿಯೂ ಅಲ್ಲ. ಅದರಲ್ಲಿ ಗೇರುಗಳೇ ಇಲ್ಲ, ಪ್ಯಾಡಲ್ ಎಳೆದಾಗ ಬರುವುದು ಗೇರಿನ ಅನುಕರಣೆ ಮಾತ್ರ.

ಟಾರ್ಕ್ ಕನ್ವರ್ಟರ್ ಹಳೆಯ ಪದ್ಧತಿ. ಎಂಜಿನ್ನಿಗೂ ಗೇರಿಗೂ ನಡುವೆ ಎಣ್ಣೆಯ ಮೂಲಕ ಶಕ್ತಿ ದಾಟುತ್ತದೆ. ನಿಂತಲ್ಲಿಂದ ಹೊರಡುವಾಗ ಇದು ಎಂಜಿನ್ನಿನ ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ಹೆಚ್ಚೂಕಡಿಮೆ ಎರಡರಷ್ಟು ಮಾಡಿಕೊಡುತ್ತದೆ. ಟರ್ಬೊ ಇನ್ನೂ ಎಚ್ಚರವಾಗದ ಹೊತ್ತಿನ ಕೊರತೆಯನ್ನು ಇದು ತುಂಬುವುದರಿಂದ ಕಡಿದಾದ ಏರಿನಲ್ಲಿ ನಿಂತು ಹೊರಡಲು ಇದಕ್ಕಿಂತ ನಿಶ್ಚಿಂತೆಯ ಗೇರ್‌ಬಾಕ್ಸ್ ಇಲ್ಲ. ತೆವಳುವಾಗ ಉಜ್ಜುವ ಪ್ಲೇಟ್ ಇಲ್ಲ, ಬಿಸಿಯಾಗುವುದು ಎಣ್ಣೆ. ಅದನ್ನು ತಣಿಸಲು ಕೂಲರ್ ಇರುತ್ತದೆ. 2020ರ ನಂತರದ ವೋಕ್ಸ್‌ವ್ಯಾಗನ್ ಪೋಲೊದ ಒಂದು ಲೀಟರ್ ಟಿಎಸ್‌ಐ ಟರ್ಬೊ ಕಾರಿನಲ್ಲಿ, 2023ರಲ್ಲಿ ಬಂದ ಮಾರುತಿ ಫ್ರಾಂಕ್ಸ್ ಟರ್ಬೊದಲ್ಲಿ ಇರುವುದು ಇದರ ಆರು ಗೇರಿನ ರೂಪ. ಗೇರು ಬೀಳುವುದು ಸ್ವಲ್ಪ ನಿಧಾನ. ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ನೇ ಗಾಡಿಯನ್ನು ತಡೆಯುವ ಎಂಜಿನ್ ಬ್ರೇಕಿನ ಹಿಡಿತವೂ ಮ್ಯಾನ್ಯುಯಲ್‌ಗಿಂತ ಮೃದು. ಇಷ್ಟನ್ನು ಒಪ್ಪಿಕೊಂಡರೆ ಮಲೆನಾಡಿನ ಸಂಸಾರಸ್ಥರಿಗೆ ಇದು ಒಳ್ಳೆಯ ಆಯ್ಕೆ. ಗೇರ್‌ಬಾಕ್ಸ್ ಆಯಿಲ್ ಜೀವಮಾನವಿಡೀ ಬದಲಿಸುವುದು ಬೇಡ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಘಾಟಿಯಲ್ಲಿ ಓಡುವ ಗಾಡಿಗೆ 60ರಿಂದ 80 ಸಾವಿರ ಕಿ.ಮೀ.ಗೊಮ್ಮೆ ಬದಲಿಸುವುದು ಕ್ಷೇಮ.

ಜನ ಹೆಚ್ಚು ಮೋಹಗೊಳ್ಳುವುದು ಡಿಎಸ್‌ಜಿ, ಡಿಸಿಟಿ ಎಂದೆಲ್ಲ ಕರೆಯುವ ಜೋಡಿ ಕ್ಲಚ್ಚಿನ ಗೇರ್‌ಬಾಕ್ಸಿಗೆ. ಅದು ನ್ಯಾಯವೇ. 2013ರಲ್ಲಿ ಪೋಲೊ ಜಿಟಿ ಟಿಎಸ್‌ಐ ಏಳು ಗೇರಿನ ಡಿಎಸ್‌ಜಿಯೊಂದಿಗೆ ಬಂದಾಗ ಸಣ್ಣ ಕಾರಿನಲ್ಲಿ ಅಂಥದ್ದನ್ನು ನಮ್ಮವರು ಕಂಡಿರಲಿಲ್ಲ. ಇದರಲ್ಲಿ ಒಂದು ಕ್ಲಚ್ 1, 3, 5, 7ನೇ ಗೇರುಗಳಿಗೆ, ಇನ್ನೊಂದು 2, 4, 6ನೆಯದಕ್ಕೆ. ಒಂದು ಗೇರಿನಲ್ಲಿ ಓಡುತ್ತಿರುವಾಗಲೇ ಮುಂದಿನದನ್ನು ಇನ್ನೊಂದು ಶಾಫ್ಟಿನಲ್ಲಿ ಹಾಕಿಟ್ಟುಕೊಂಡಿರುತ್ತದೆ, ಆದ್ದರಿಂದಲೇ ಬದಲಾವಣೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಆಗುತ್ತದೆ. ಆದರೆ ಮುಂದಿನದು ಯಾವುದು ಎಂಬುದು ಕಂಪ್ಯೂಟರಿನ ಊಹೆ. ನೀವು ಆಕ್ಸಿಲರೇಟರ್ ತುಳಿದು ಏರುತ್ತಿದ್ದರೆ ಅದು ಮೇಲಿನ ಗೇರು ಹಾಕಿಕೊಂಡು ಕಾಯುತ್ತದೆ. ಅಷ್ಟರಲ್ಲಿ ತಿರುವು ಎದುರಾಗಿ ನಿಮಗೆ ಕೆಳಗಿನದು ಬೇಕಾದರೆ, ಹಾಕಿಟ್ಟಿದ್ದನ್ನು ತೆಗೆದು ಬೇರೆಯದನ್ನು ಹಾಕುವ ತನಕ ತಡ. ನಾಲ್ಕರಿಂದ ನೇರ ಎರಡಕ್ಕೆ ಬೇಕೆಂದರೆ ಇನ್ನೂ ತಡ, ಏಕೆಂದರೆ ಎರಡೂ ಒಂದೇ ಕ್ಲಚ್ಚಿನವು. ನಾಲ್ಕು, ಮೂರು, ಎರಡು ಎಂದು ಒಂದೊಂದಾಗಿ, ಬ್ರೇಕ್ ಹಾಕುತ್ತಿರುವಾಗಲೇ ಎಡ ಪ್ಯಾಡಲ್ ಎಳೆಯುತ್ತ ಬಂದರೆ ಈ ತಡ ಇರುವುದಿಲ್ಲ. ಆಕ್ಸಿಲರೇಟರ್ ತಟ್ಟುವ ಕೆಲಸವನ್ನೂ ಅದೇ ಮಾಡಿಕೊಳ್ಳುತ್ತದೆ. ಒದ್ದೆ ರಸ್ತೆಯಲ್ಲಿ ಗೇರು ಇಳಿಸುವ ವಿಷಯದಲ್ಲಿ ಸಾಧಾರಣ ಚಾಲಕನಿಗಿಂತ ಇದು ಮೇಲು ಎಂದು ಮ್ಯಾನ್ಯುಯಲ್ ಪ್ರಿಯರೂ ಒಪ್ಪಬೇಕು.

ಘಾಟಿಯಲ್ಲಿ ಇದನ್ನು ‘ಡಿ’ಯಲ್ಲಿ, ಅಂದರೆ ತಾನೇ ಗೇರು ಬದಲಿಸುವ ಸ್ಥಾನದಲ್ಲಿ, ಬಿಡಬಾರದು. ಪೆಟ್ರೋಲ್ ಉಳಿಸಲೆಂದು ಅದು ಬೇಗ ಬೇಗ ಮೇಲಿನ ಗೇರಿಗೆ ಹೋಗುತ್ತದೆ. ತಿರುವಿನ ನಡುವೆ ನೀವು ತುಳಿದಾಗ ಗಾಬರಿಬಿದ್ದು ಎರಡು ಗೇರು ಕೆಳಗಿಳಿಯುತ್ತದೆ. ಎಳೆತ ಒಮ್ಮೆಲೇ ಬಂದು ಒಳಚಕ್ರ ಸುತ್ತುತ್ತದೆ. ‘ಡಿ’ಯಲ್ಲಿದ್ದುಕೊಂಡೇ ಪ್ಯಾಡಲ್ ಎಳೆದರೂ ಹೆಚ್ಚಿನ ಕಾರುಗಳು ಕೆಲವು ಸೆಕೆಂಡಿನ ನಂತರ ಮತ್ತೆ ತಮ್ಮ ಇಚ್ಛೆಗೆ ಮರಳುತ್ತವೆ. ಲಿವರನ್ನೇ ಮ್ಯಾನ್ಯುಯಲ್ ಮೋಡ್‌ಗೆ ಸರಿಸಿ, ಆಮೇಲೆ ಪ್ಯಾಡಲ್ ಬಳಸಿ. ಹಾಗೆ ಮಾಡಿದರೂ ಎಂಜಿನ್ ವೇಗದ ಮಿತಿಯ ಕೆಂಪು ಗೆರೆ ಮುಟ್ಟಿದಾಗ ತಾನೇ ಮೇಲಿನ ಗೇರಿಗೆ ಹೋಗುವ ಕಾರುಗಳಿವೆ, ಹೋಗದೆ ಅಲ್ಲೇ ನಿಲ್ಲುವವೂ ಇವೆ. ಕೊಳ್ಳುವ ಮುಂಚೆ ಇದನ್ನು ತಿಳಿದುಕೊಳ್ಳಿ.

ಜೋಡಿ ಕ್ಲಚ್ಚಿನಲ್ಲೂ ಒಣ ಮತ್ತು ಎಣ್ಣೆಯಲ್ಲಿ ಮುಳುಗಿದ್ದು ಎಂದು ಎರಡು ಬಗೆ. ವ್ಯತ್ಯಾಸ ದೊಡ್ಡದು. ವೋಕ್ಸ್‌ವ್ಯಾಗನ್ ಗುಂಪಿನ ಏಳು ಗೇರಿನ ಡಿಕ್ಯೂ200 ಒಣ ಕ್ಲಚ್ಚಿನದು, ಅದು ತಾಳುವ ಟಾರ್ಕಿನ ಮಿತಿ 250 ನ್ಯೂಟನ್ ಮೀಟರ್. 2022ರಲ್ಲಿ ಬಂದ ವರ್ಟಸ್‌ನ ಒಂದೂವರೆ ಲೀಟರ್ ಎಂಜಿನ್ ಕೊಡುವ ಟಾರ್ಕೂ ಸರಿಯಾಗಿ 250. ಎರಡೂ ಒಂದೇ ಗೆರೆಯ ಮೇಲೆ ನಿಂತಿವೆ. ಇಂಥ ಕಾರನ್ನು ರೀಮ್ಯಾಪ್ ಮಾಡಿಸಿ, ಅಂದರೆ ಎಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸಿ, ಟಾರ್ಕ್ ಏರಿಸುವವರು ಕ್ಲಚ್ಚಿನ ಆಯುಸ್ಸನ್ನು ತಾವೇ ಕಡಿಮೆ ಮಾಡಿಸಿಕೊಳ್ಳುತ್ತಾರೆ. ಹ್ಯುಂಡೈ ಐ20 ಎನ್ ಲೈನ್, ಕ್ರೆಟಾ ಎನ್ ಲೈನ್ ಕಾರುಗಳ ಏಳು ಗೇರಿನ ಡಿಸಿಟಿಯೂ ಒಣ ಬಗೆಯದೇ. ಎಣ್ಣೆಯಲ್ಲಿ ಮುಳುಗಿದ ಬಗೆ ಶಾಖವನ್ನು ಚೆನ್ನಾಗಿ ತಾಳುತ್ತದೆ, ಹೆಚ್ಚು ಟಾರ್ಕನ್ನೂ ಹೊರುತ್ತದೆ. 2025ರಲ್ಲಿ ಇಲ್ಲಿಗೆ ಬಂದ ಗಾಲ್ಫ್ ಜಿಟಿಐನಂಥ ದುಬಾರಿ ಕಾರುಗಳಲ್ಲಿ ಇರುವುದು ಅದು. ಅದಕ್ಕೆ ಎಣ್ಣೆಯ ಖರ್ಚಿದೆ. ಈ ಗುಂಪಿನ ಹಳೆಯ ಆರು ಗೇರಿನ ಡಿಎಸ್‌ಜಿಗೆ ಪ್ರತಿ 60,000 ಕಿ.ಮೀ.ಗೆ ಐದು ಲೀಟರಿಗೂ ಹೆಚ್ಚು ಎಣ್ಣೆಯನ್ನೂ ಫಿಲ್ಟರನ್ನೂ ಬದಲಿಸಬೇಕು.

ಒಣ ಕ್ಲಚ್ಚಿನ ಶತ್ರು ವೇಗವಲ್ಲ, ತೆವಳುವಿಕೆ. ಸಾಲು ರಜೆಯಲ್ಲಿ ಸೂರ್ಯಾಸ್ತ ನೋಡುವವರ ಕಾರುಗಳು ಆಗುಂಬೆ ತುದಿಯಲ್ಲಿ ನಿಂತು, ಕೆಳಗಿನ ತಿರುವುಗಳ ತನಕ ಸಾಲು ಬೆಳೆಯುತ್ತದಲ್ಲ, ಆಗ ನೋಡಿ. ಎರಡು ಮಾರು ಮುಂದೆ ಹೋಗುವುದು, ನಿಲ್ಲುವುದು, ಮತ್ತೆ ಎರಡು ಮಾರು. ಪ್ರತಿ ಸಲವೂ ಕ್ಲಚ್ ಅರ್ಧ ಹಿಡಿದುಕೊಂಡೇ ಗಾಡಿಯನ್ನು ಏರಿಸಬೇಕು. ಬ್ರೇಕ್ ತುಳಿದಾಗ ಮಾತ್ರ ಅದು ಬಿಟ್ಟುಕೊಳ್ಳುತ್ತದೆ. ಬ್ರೇಕಿನ ಬದಲು ಆಕ್ಸಿಲರೇಟರ್ ಮೇಲೆ ಗಾಡಿ ನಿಲ್ಲಿಸಿದರೆ ಮ್ಯಾನ್ಯುಯಲ್‌ನ ಹಾಫ್ ಕ್ಲಚ್ಚಿನಂತೆಯೇ ಉರಿಯುತ್ತದೆ, ಆದರೆ ಕಾಲಿಗೆ ಏನೂ ತಿಳಿಯುವುದಿಲ್ಲ. ಆದ್ದರಿಂದ ಮುಂದಿನ ಕಾರು ಎರಡು ಕಾರುಗಳ ಉದ್ದದಷ್ಟು ದೂರ ಹೋಗುವ ತನಕ ಬ್ರೇಕ್ ತುಳಿದು ನಿಂತೇ ಇರಿ, ಆಮೇಲೆ ಒಂದೇ ಸಲಕ್ಕೆ ಕ್ಲಚ್ ಪೂರ್ತಿ ಹಿಡಿಯುವಂತೆ ಹೊರಡಿ. ಹಿಂದಿನವರು ಹಾರನ್ ಮಾಡಿದರೆ ಮಾಡಲಿ. ಗೇರ್‌ಬಾಕ್ಸ್ ಬಿಸಿಯಾಗಿದೆ ಎಂಬ ಸೂಚನೆ ಬಂದರೆ ಅಗಲವಾದ ಜಾಗದಲ್ಲಿ ನಿಲ್ಲಿಸಿ ನಿಲುಗಡೆಯ ‘ಪಿ’ಗೆ ಹಾಕಿ, ಎಂಜಿನ್ ಓಡುತ್ತಿರಲಿ, ಸೂಚನೆ ಆರುವ ತನಕ ಕಾಯಿರಿ. ಹಿಮ್ಮುಖವಾಗಿ ಏರು ಹತ್ತಿಸುವುದು ಇದಕ್ಕೆ ಅತಿ ದೊಡ್ಡ ಶಿಕ್ಷೆ. ಮನೆಯ ದಾರಿ ಕಡಿದಾಗಿದ್ದು ದಿನವೂ ರಿವರ್ಸ್‌ನಲ್ಲೇ ಮೇಲೆ ಹತ್ತಿಸಬೇಕಾದವರು, ಅಂಥ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ, ಒಣ ಕ್ಲಚ್ಚಿನ ಕಾರು ಕೊಳ್ಳದಿರುವುದೇ ಒಳಿತು.

ಇಳಿಯುವಾಗಿನ ವಿಷಯ ಇನ್ನೂ ಗಂಭೀರ. ಜನರೂ ಸಾಮಾನೂ ಸೇರಿ 1,500 ಕೆ.ಜಿ. ತೂಗುವ ಕಾರು 500 ಮೀಟರ್ ಎತ್ತರದಿಂದ ಇಳಿದರೆ ಸುಮಾರು 73 ಲಕ್ಷ ಜೂಲ್ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಇಪ್ಪತ್ತು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಸಲು ಬೇಕಾದಷ್ಟು ಶಾಖ ಅದು. ಗೇರು ಕೆಳಗಿದ್ದರೆ ಅದರಲ್ಲಿ ದೊಡ್ಡ ಪಾಲನ್ನು ಎಂಜಿನ್ ಹೊರುತ್ತದೆ. ಗೇರು ಮೇಲಿದ್ದರೆ ಎಲ್ಲವೂ ಬ್ರೇಕ್ ಡಿಸ್ಕಿಗೆ. ಹತ್ತಲು ಯಾವ ಗೇರು ಬೇಕಾಗುತ್ತದೋ ಅದರಲ್ಲೇ ಇಳಿಯಬೇಕೆಂಬ ಹಳೆಯ ಲಾರಿ ಚಾಲಕರ ಮಾತು ಇಂದಿಗೂ ಸರಿ. ಒಂದು ಎಚ್ಚರಿಕೆ ಸೇರಿಸಬೇಕು: ಒಂದು ಲೀಟರಿನ ಸಣ್ಣ ಎಂಜಿನ್ನಿಗೆ ಹಳೆಯ ಡೀಸೆಲ್‌ನಷ್ಟು ಹಿಡಿತವಿಲ್ಲ. ಎರಡನೇ ಗೇರಿನಲ್ಲಿ ಮೂರು ಸಾವಿರ ಆರ್‌ಪಿಎಂ ತನಕ ಏರಲು ಬಿಟ್ಟರೇ ಅದು ಗಾಡಿಯನ್ನು ಹಿಡಿಯುವುದು. ಸದ್ದು ಕೇಳಿ ಹೆದರುವವರಿದ್ದಾರೆ. ಆ ವೇಗದಲ್ಲಿ ಎಂಜಿನ್ನಿಗೆ ಏನೂ ಆಗುವುದಿಲ್ಲ, ಪೆಟ್ರೋಲೂ ಸುಡುವುದಿಲ್ಲ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳು ಮುಚ್ಚಿಕೊಳ್ಳುತ್ತವೆ. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಯುವವರು ಉಳಿಸುವುದಿಲ್ಲ, ಖರ್ಚೇ ಮಾಡುತ್ತಾರೆ, ಜೊತೆಗೆ ಬ್ರೇಕನ್ನೂ ಕಳೆದುಕೊಳ್ಳುತ್ತಾರೆ.

ಮಲೆನಾಡಿನಲ್ಲಿ ಬ್ರೇಕ್ ಆಯಿಲ್ ವಿಶೇಷವಾಗಿ ಗಮನಿಸಬೇಕಾದ್ದು. ಅದು ಗಾಳಿಯ ತೇವವನ್ನು ಹೀರುತ್ತದೆ. ತಿಂಗಳುಗಟ್ಟಲೆ ಬಿಸಿಲೇ ಕಾಣದ ಊರುಗಳಲ್ಲಿ ತೇವಕ್ಕೇನು ಬರ? ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ತನಕ ಕುದಿಯದೆ ಇರಬೇಕೆಂಬುದು ಮಾನದಂಡ. ಅದೇ ಆಯಿಲ್‌ನಲ್ಲಿ 3.7 ಶೇಕಡಾ ನೀರು ಸೇರಿದರೆ ಈ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205 ಮತ್ತು 140. ಕುದ್ದರೆ ಆವಿ ಹುಟ್ಟಿ ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮೊದಲು ಇದನ್ನು ಬದಲಿಸಿ. ಇಳಿಯುವಾಗ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬರಬೇಡಿ. ಗಟ್ಟಿಯಾಗಿ ತುಳಿದು ವೇಗ ಇಳಿಸಿ ಪೂರ್ತಿ ಬಿಡಿ, ಡಿಸ್ಕ್ ಉಸಿರಾಡಲಿ. ಪೆಡಲ್ ಮೆತ್ತಗಾದಂತೆ ಅನಿಸಿದರೆ ಅಲ್ಲೇ ಜಾಗ ನೋಡಿ ನಿಲ್ಲಿಸಿ ಅರ್ಧ ಗಂಟೆ ಕಾಯಿರಿ. ಕಾದ ಡಿಸ್ಕಿಗೆ ನೀರು ಹೊಯ್ಯಬೇಡಿ, ಅದು ಸೊಟ್ಟಾಗುತ್ತದೆ. ಟೈರಿನ ತೋಡು 1.6 ಮಿ.ಮೀ. ತನಕ ಸವೆಯಬಹುದೆಂದು ಕಾನೂನು ಹೇಳಿದರೂ ನಮ್ಮ ಮಳೆಗೆ 3 ಮಿ.ಮೀ. ಆದಾಗಲೇ ಬದಲಿಸುವುದು ಕ್ಷೇಮ.

ಆಟೊಮ್ಯಾಟಿಕ್ ಕಾರನ್ನು ಇಳಿಜಾರಿನಲ್ಲಿ ನಿಲ್ಲಿಸುವವರು ನೇರ ‘ಪಿ’ಗೆ ಹಾಕಿ ಬ್ರೇಕ್ ಬಿಡುತ್ತಾರೆ. ಆಗ ಗಾಡಿಯ ಭಾರವೆಲ್ಲ ಗೇರ್‌ಬಾಕ್ಸಿನೊಳಗಿನ ಒಂದು ಸಣ್ಣ ಕೊಕ್ಕೆಯ ಮೇಲೆ ಬೀಳುತ್ತದೆ. ತೆಗೆಯುವಾಗ ‘ಟಕ್’ ಎಂದು ಸದ್ದಾಗುವುದು ಅದಕ್ಕೇ. ಬ್ರೇಕ್ ತುಳಿದಿರುವಾಗಲೇ ನ್ಯೂಟ್ರಲ್‌ನ ‘ಎನ್’ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಬಿಟ್ಟು ಗಾಡಿ ಹ್ಯಾಂಡ್‌ಬ್ರೇಕಿನ ಮೇಲೆ ಕೂತ ನಂತರ ‘ಪಿ’ಗೆ ಹಾಕಬೇಕು. ಕೆಟ್ಟು ನಿಂತಾಗಲೂ ಆಟೊಮ್ಯಾಟಿಕ್‌ಗೆ ಬೇರೆಯೇ ಕ್ರಮ. ಅದನ್ನು ತಳ್ಳಿ ಸ್ಟಾರ್ಟ್ ಮಾಡಲಾಗದು, ಮುಂದಿನ ಚಕ್ರ ನೆಲದ ಮೇಲಿಟ್ಟು ಎಳೆದೊಯ್ಯಲೂ ಬಾರದು. ಮೇಲೆ ಏರಿಸಿಕೊಂಡು ಹೋಗುವ ಗಾಡಿಯೇ ಬರಬೇಕು. ಮೊಬೈಲ್ ಸಿಗ್ನಲ್ ಸಿಗದ ಕಾಡಿನ ರಸ್ತೆಯಲ್ಲಿ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬ್ಯಾಟರಿ ಸತ್ತು ಲಿವರ್ ‘ಪಿ’ಯಲ್ಲೇ ಸಿಕ್ಕಿಕೊಂಡರೆ ಬಿಡಿಸಲು ಅನೇಕ ಕಾರುಗಳಲ್ಲಿ ಲಿವರ್ ಪಕ್ಕದಲ್ಲಿ ಮುಚ್ಚಳದಡಿ ಒಂದು ಸಣ್ಣ ಕಿಂಡಿ ಇರುತ್ತದೆ. ಎಲ್ಲಿದೆ ಎಂದು ಮನೆಯಲ್ಲೇ ನೋಡಿಟ್ಟುಕೊಳ್ಳಿ.

ಹಳೆಯ ಕಾರು ಕೊಳ್ಳುವವರಿಗೆ ಎರಡು ಮಾತು. ಡಿಎಸ್‌ಜಿ ಕಾರಾದರೆ ಎಂಜಿನ್ ಬಿಸಿಯಾದ ಮೇಲೆ ಏರಿನಲ್ಲಿ ಮುಂದಕ್ಕೂ ಹಿಂದಕ್ಕೂ ನಿಧಾನವಾಗಿ ತೆವಳಿಸಿ ನೋಡಿ. ನಡುಕ ಬಂದರೆ ಕ್ಲಚ್ ಮುಗಿಯುತ್ತ ಬಂದಿದೆ. ಗೇರು ಹಾಕುವ ಮೆಕಾಟ್ರಾನಿಕ್ ಘಟಕವನ್ನು ಬದಲಿಸಿದ್ದರೆ ಅದರ ದಾಖಲೆ ಕೇಳಿ, ಇದು ದುಬಾರಿ ಭಾಗ. ಈ ಕ್ಲಚ್ಚನ್ನು ಬಿಚ್ಚಿ ಕೂಡಿಸಲು ವಿಶೇಷ ಉಪಕರಣ ಬೇಕು, ಊರಿನ ಎಲ್ಲ ಮೆಕ್ಯಾನಿಕ್‌ಗಳ ಬಳಿ ಅದಿರುವುದಿಲ್ಲ. ಶಿವಮೊಗ್ಗದಲ್ಲೇ ಮಾಡುತ್ತಾರೋ, ಮಂಗಳೂರಿಗೋ ಬೆಂಗಳೂರಿಗೋ ಕಳಿಸಬೇಕೋ ಎಂದು ಮೊದಲೇ ವಿಚಾರಿಸಿ. ಮ್ಯಾನ್ಯುಯಲ್ ಆದರೆ ಮೇಲೆ ಹೇಳಿದ ಕ್ಲಚ್ ಪರೀಕ್ಷೆ ಸಾಕು.

ಹಾಗಾದರೆ ಯಾವುದು ಕೊಳ್ಳಬೇಕು ಎಂದರೆ, ಮಲೆನಾಡಿನಲ್ಲೇ ಇದ್ದು, ಓಡಿಸುವ ಪ್ರೀತಿಗಾಗಿ ಸ್ಪೋರ್ಟಿ ಕಾರು ಕೊಳ್ಳುವ ಒಬ್ಬಂಟಿ ಚಾಲಕನಿಗೆ ಆರು ಗೇರಿನ ಮ್ಯಾನ್ಯುಯಲ್ಲೇ ನನ್ನ ಮತ. ಆಯ್ಕೆಗಳೂ ಬಂದಿವೆ. ಐ20 ಎನ್ ಲೈನ್‌ಗೆ 2023ರಲ್ಲಿ, ವರ್ಟಸ್ ಜಿಟಿ ಪ್ಲಸ್‌ಗೂ ಅದೇ ವರ್ಷ ಆರು ಗೇರಿನ ಮ್ಯಾನ್ಯುಯಲ್ ಸೇರಿತು. 2024ರ ಆಲ್ಟ್ರೋಜ್ ರೇಸರ್ ಬಂದದ್ದೇ ಮ್ಯಾನ್ಯುಯಲ್‌ನಲ್ಲಿ ಮಾತ್ರ. ಮನೆಮಂದಿಯೆಲ್ಲ ಓಡಿಸುವ ಕಾರಾದರೆ ಟಾರ್ಕ್ ಕನ್ವರ್ಟರ್. ಮೊಣಕಾಲು ನೋವಿರುವವರಿಗೆ, ಬೆಂಗಳೂರಿನಲ್ಲಿ ಕೆಲಸವಿದ್ದು ಹಬ್ಬಕ್ಕೆ ಊರಿಗೆ ಬರುವವರಿಗೆ ಮ್ಯಾನ್ಯುಯಲ್ ಹೇರುವುದು ತಪ್ಪು. ಅವರು ಜೋಡಿ ಕ್ಲಚ್ಚಿನದನ್ನೇ ಕೊಳ್ಳಲಿ, ಬ್ರೇಕ್ ತುಳಿದು ನಿಲ್ಲುವ ಶಿಸ್ತನ್ನು ಕಲಿಯಲಿ.

ಸಂಪಾದಕರಲ್ಲಿ ಒಂದು ಕೋರಿಕೆ. ವಾಹನ ಪುಟದ ವಿಮರ್ಶೆಗಳಲ್ಲಿ ನೂರು ಕಿ.ಮೀ. ವೇಗ ಎಷ್ಟು ಸೆಕೆಂಡಿಗೆ ಎಂಬುದರ ಜೊತೆಗೆ ಇವನ್ನೂ ಬರೆಸಿ: ಗೇರ್‌ಬಾಕ್ಸ್ ಯಾವ ಬಗೆಯದು, ಕ್ಲಚ್ ಒಣದೋ ಎಣ್ಣೆಯದೋ, ಮ್ಯಾನ್ಯುಯಲ್ ಮೋಡ್‌ನಲ್ಲಿ ಹಾಕಿದ ಗೇರು ನಿಲ್ಲುತ್ತದೆಯೋ, ನಾಲ್ಕು ಜನ ಕೂತಾಗ ಏರಿನ ನಡುವೆ ನಿಂತು ಹೊರಟರೆ ಹಿಂದಕ್ಕೆ ಜಾರುತ್ತದೆಯೋ, ಎರಡನೇ ಗೇರಿನಲ್ಲಿ ಇಳಿಯುವಾಗ ಬ್ರೇಕ್ ಮುಟ್ಟದೆ ವೇಗ ಎಷ್ಟರಲ್ಲಿ ಸ್ಥಿರವಾಗುತ್ತದೆ. ಶೋರೂಂನವರು ಪೇಟೆಯ ಸಮತಟ್ಟು ರಸ್ತೆಯಲ್ಲಿ ಹತ್ತು ನಿಮಿಷ ಓಡಿಸಲು ಕೊಟ್ಟು ಮುಗಿಸುತ್ತಾರೆ; ಕೊಳ್ಳುವವರು ಒಂದು ಕಡಿದಾದ ಏರು, ನಾಲ್ಕು ಜನ, ಅರ್ಧ ಗಂಟೆ ಇಷ್ಟನ್ನು ಕೇಳಿ ಪಡೆಯಲಿ. ಹುಲಿಕಲ್ ಘಾಟಿಯ ಒಂದು ಏರಿಳಿತದಲ್ಲಿ ಇವುಗಳಲ್ಲಿ ಕೊನೆಯ ಮೂರನ್ನೂ ಪರೀಕ್ಷಿಸಬಹುದು. ನಿಮ್ಮ ವರದಿಗಾರರು ಮಳೆಗಾಲ ಮುಗಿದ ಮೇಲೆ, ವಾರದ ನಡುವಿನ ದಿನ, ಬೆಳಿಗ್ಗೆ ಮಂಜು ಸರಿದ ಹೊತ್ತಿಗೆ ಬಂದರೆ ಬೇರೆಯವರಿಗೆ ತೊಂದರೆಯಾಗದಂತೆ ಇದನ್ನು ಮುಗಿಸಬಹುದು. ಹತ್ತಿ ಬರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕೆಂಬ ನಿಯಮವನ್ನೂ ಆ ಬರಹದಲ್ಲೇ ಒಮ್ಮೆ ಅಚ್ಚು ಹಾಕಿ.

ಇಂತಿ,
ವಾಹನ ದುರಸ್ತಿ ವೃತ್ತಿಯ ಓದುಗ,
ತೀರ್ಥಹಳ್ಳಿ, ಶಿವಮೊಗ್ಗ ಜಿಲ್ಲೆ